ಬಂದವರೆಷ್ಟು, ಕೇಳಿದವರೆಷ್ಟು?



ಈ ಬ್ರಿಟನ್ನಿಗೆ ಬಂದು ನೆಲೆಸಿದ ಕನ್ನಡಿಗರೆಂದರೆ ಡಾಕ್ಟರುಗಳು, ಇಲ್ಲವೇ ಎಂಜಿನಿಯರುಗಳು ಎಂದು ಹೇಳುವ ಕಾಲ ಒಂದಿತ್ತು. ಈಗ ನಮ್ಮ ನಡುವೆ ಲೆಕ್ಕಪತ್ರದ ಕಚೇರಿ ತೆರೆದವರಿದ್ದಾರೆ. ಮದುವೆ ಮುಂಜಿಗಳಿಗೆ ಅಡಿಗೆ ಮಾಡಿಸಿ ಕಳಿಸುವವರಿದ್ದಾರೆ. ಹಲ್ಲಿನ ದವಾಖಾನೆ ನಡೆಸುವವರು, ಮಕ್ಕಳಿಗೆ ಗಣಿತ ಹೇಳಿಕೊಡುವವರು, ಸೀರೆ ತರಿಸಿ ಮಾರುವವರು, ಮನೆ ರಿಪೇರಿಯ ಕಂಟ್ರಾಕ್ಟು ಹಿಡಿಯುವವರು, ಎಲ್ಲರೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಕೈಯ ಉಳಿತಾಯವನ್ನು ಹಾಕಿ, ಗಂಡ ಹೆಂಡತಿ ಇಬ್ಬರೂ ದುಡಿದು ವ್ಯವಹಾರವನ್ನು ನಿಲ್ಲಿಸಿಕೊಂಡವರು. ಇವರೆಲ್ಲರಿಗೂ ಸಮಾನವಾದ ಒಂದು ಖರ್ಚೆಂದರೆ ವೆಬ್‌ಸೈಟು.

ವೆಬ್‌ಸೈಟು ಮಾಡಿಸಿದ ಮೇಲೆ ತಿಂಗಳಿಗೊಂದು ವರದಿ ಬರುತ್ತದೆ. ಅದರಲ್ಲಿ ಬಣ್ಣ ಬಣ್ಣದ ಗೆರೆಗಳು, ಏರುತ್ತಿರುವ ಸಂಖ್ಯೆಗಳು. ಈ ತಿಂಗಳು ಇಷ್ಟು ಸಾವಿರ ಮಂದಿ ಬಂದು ನೋಡಿದರು ಎಂಬ ಸಂತೋಷದ ಸಮಾಚಾರ. ಆದರೆ ಟೆಲಿಫೋನು ಮಾತ್ರ ಬಾಯಿ ಬಿಡುವುದಿಲ್ಲ. ಸಾವಿರಾರು ಜನ ಮೆಟ್ಟಿಲು ಹತ್ತಿ ಬಂದು, ಒಬ್ಬರೂ ಬೆಲೆ ಕೇಳದೆ ಇಳಿದು ಹೋದರೆಂದರೆ ಅಂಗಡಿಯವನಿಗೆ ಅದರಿಂದ ಬಂದ ಭಾಗ್ಯವೇನು? ಚಿಕ್ಕಪೇಟೆಯ ಜವಳಿ ಅಂಗಡಿಯ ಯಜಮಾನರು ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತಲ್ಲಿಂದಲೇ ಯಾರು ಬಂದರು, ಯಾವ ಸೀರೆ ಮುಟ್ಟಿ ನೋಡಿದರು, ಎಲ್ಲಿ ಮುಖ ಸಿಂಡರಿಸಿ ಎದ್ದರು ಎಂಬುದನ್ನೆಲ್ಲ ಗಮನಿಸುತ್ತಾರೆ. ವೆಬ್‌ಸೈಟಿನ ಅಂಗಡಿಯಲ್ಲಿ ಆ ಕಣ್ಣಿನ ಕೆಲಸವನ್ನು ಮಾಡುವ ಸಲಕರಣೆಗೆ ಅನಾಲಿಟಿಕ್ಸ್ ಎಂದು ಹೆಸರು. ಅದನ್ನು ಹೇಗೆ ಬಳಸಿದರೆ ವಿಚಾರಿಸುವ ಗಿರಾಕಿಗಳು ಹೆಚ್ಚುತ್ತಾರೆ, ಎಲ್ಲಿ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ, ಎಲ್ಲಿ ನಾವೇ ಕೈ ಬಿಗಿ ಹಿಡಿಯಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಈ ವಿಷಯದಲ್ಲಿ ಪಂಡಿತರಾದವರಿಗೆ ಇದರಲ್ಲಿ ಹೊಸದೇನೂ ಇರಲಾರದು. ಸಣ್ಣ ವ್ಯವಹಾರ ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಬರೆಯುತ್ತಿದ್ದೇವೆ.

ಎಣಿಕೆ ಬೆಳೆದು ಬಂದ ದಾರಿ

ಮೊದಮೊದಲು ವೆಬ್‌ಸೈಟಿನ ಲೆಕ್ಕವೆಂದರೆ ಸರ್ವರ್ ಎಂಬ ಯಂತ್ರ ತಾನೇ ಬರೆದಿಡುತ್ತಿದ್ದ ದಿನಚರಿ. ಯಾರಾದರೂ ಒಂದು ಕಡತ ಕೇಳಿದರೆ ಅದರಲ್ಲಿ ಒಂದು ಸಾಲು. ಇದನ್ನೇ ಹಿಟ್ ಎಂದು ಕರೆದರು. ಒಂದು ಪುಟದಲ್ಲಿ ಹತ್ತು ಚಿತ್ರಗಳಿದ್ದರೆ, ಒಬ್ಬನೇ ಒಬ್ಬ ಮನುಷ್ಯ ಒಮ್ಮೆ ನೋಡಿದರೂ ಹನ್ನೊಂದು ಹಿಟ್! ಆ ದಿನಗಳಲ್ಲಿ ಲಕ್ಷ ಹಿಟ್ ಬಂತೆಂದು ಬೀಗಿದವರು ಬಹಳ ಮಂದಿ.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಎಂಬುವರು ಕುಕಿ ಎಂಬುದನ್ನು ರೂಪಿಸಿದರು. ಬಂದವರ ಕಂಪ್ಯೂಟರಿನಲ್ಲಿ ಒಂದು ಸಣ್ಣ ಗುರುತಿನ ಚೀಟಿ ಇಟ್ಟು, ಮತ್ತೆ ಬಂದಾಗ ಇವರು ಅವರೇ ಎಂದು ತಿಳಿಯುವ ಉಪಾಯ ಇದು. ಇದಾದ ಮೇಲೆ ಹಿಟ್ಟುಗಳನ್ನು ಬಿಟ್ಟು ಮನುಷ್ಯರನ್ನು, ಸರಿಯಾಗಿ ಹೇಳುವುದಾದರೆ ಬ್ರೌಸರುಗಳನ್ನು, ಎಣಿಸಲು ಸಾಧ್ಯವಾಯಿತು. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿದ್ದ ಅರ್ಚಿನ್ ಎಂಬ ಕಂಪನಿಯನ್ನು 2005ರಲ್ಲಿ ಗೂಗಲ್ ಕೊಂಡುಕೊಂಡು, ಅದೇ ವರ್ಷ ನವೆಂಬರಿನಲ್ಲಿ ಗೂಗಲ್ ಅನಾಲಿಟಿಕ್ಸ್ ಎಂದು ಉಚಿತವಾಗಿ ಹಂಚತೊಡಗಿತು. ಅಲ್ಲಿಯವರೆಗೆ ದೊಡ್ಡ ಕಂಪನಿಗಳ ಸೊತ್ತಾಗಿದ್ದ ಈ ವಿದ್ಯೆ ಕಿರಾಣಿ ಅಂಗಡಿಯವರ ಕೈಗೂ ಎಟುಕಿದ್ದು ಹೀಗೆ. ಅದರ ಹಳೆಯ ಪದ್ಧತಿ 2023ರ ಜುಲೈ 1ರಂದು ಲೆಕ್ಕ ನಿಲ್ಲಿಸಿತು. ಅದರ ಸ್ಥಾನಕ್ಕೆ ಬಂದದ್ದು 2020ರಲ್ಲಿ ಹೊರಬಂದಿದ್ದ ನಾಲ್ಕನೆಯ ಆವೃತ್ತಿ. ಗೂಗಲ್ ಬೇಡವೆನ್ನುವವರಿಗೆ ಮಾಟೋಮೋ ಎಂಬುದಿದೆ. 2007ರಲ್ಲಿ ಪಿವಿಕ್ ಎಂಬ ಹೆಸರಿನಿಂದ ಹುಟ್ಟಿದ ಇದನ್ನು ನಮ್ಮದೇ ಸರ್ವರಿನಲ್ಲಿ ಇರಿಸಿಕೊಳ್ಳಬಹುದು. ಲೆಕ್ಕ ಮನೆಯಲ್ಲೇ ಉಳಿಯುತ್ತದೆ.

ಮೊದಲು ಲೀಡು ಯಾವುದೆಂದು ಗೊತ್ತುಮಾಡಿ

ವ್ಯಾಪಾರಸ್ಥರು ಲೀಡು ಎಂದು ಕರೆಯುವುದು, ಕೊಳ್ಳುವ ಮನಸ್ಸಿದ್ದು ತನ್ನ ಗುರುತು ಹೇಳಿ ವಿಚಾರಿಸಿದವರನ್ನು. ಸುಮ್ಮನೆ ಬಂದು ನೋಡಿದವರು ಲೀಡಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಆದುದರಿಂದ ವರದಿ ತೆರೆಯುವ ಮೊದಲು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು: ನಮ್ಮ ವೆಬ್‌ಸೈಟಿನಲ್ಲಿ ಯಾರು ಏನು ಮಾಡಿದರೆ ನಾವು ಅದನ್ನು ವಿಚಾರಣೆ ಎಂದು ಒಪ್ಪುತ್ತೇವೆ? ಸಾಮಾನ್ಯವಾಗಿ ನಾಲ್ಕು ಬಗೆ. ಫಾರಂ ತುಂಬಿ ಕಳಿಸಿದ್ದು. ಮೊಬೈಲಿನಲ್ಲಿ ಟೆಲಿಫೋನ್ ನಂಬರಿನ ಮೇಲೆ ಒತ್ತಿದ್ದು. ಈ-ಮೇಲ್ ವಿಳಾಸದ ಮೇಲೆ ಒತ್ತಿದ್ದು. ಭೇಟಿಯ ಸಮಯ ಗೊತ್ತುಮಾಡಿಕೊಂಡದ್ದು. ಇವುಗಳನ್ನು ಎಣಿಸಲು ಅನಾಲಿಟಿಕ್ಸಿಗೆ ಹೇಳಿಕೊಡಬೇಕು. ಗೂಗಲ್ಲಿನವರು ಇವಕ್ಕೆ ಮೊದಲು ಕನ್ವರ್ಷನ್ ಎನ್ನುತ್ತಿದ್ದರು. 2024ರಿಂದ ಅನಾಲಿಟಿಕ್ಸಿನೊಳಗೆ ಕೀ ಈವೆಂಟ್ ಎನ್ನುತ್ತಾರೆ. ಫಾರಂ ಕಳಿಸಿದ ಕೂಡಲೇ "ವಂದನೆಗಳು, ನಿಮ್ಮ ವಿಚಾರಣೆ ತಲುಪಿದೆ" ಎಂಬ ಪ್ರತ್ಯೇಕ ಪುಟ ತೆರೆಯುವಂತೆ ಮಾಡಿ, ಆ ಪುಟ ಎಷ್ಟು ಸಲ ತೆರೆಯಿತೆಂದು ಎಣಿಸುವುದು ಎಲ್ಲಕ್ಕಿಂತ ಸುಲಭ. ಟೆಲಿಫೋನ್ ನಂಬರಿನ ಒತ್ತನ್ನು ಟ್ಯಾಗ್ ಮ್ಯಾನೇಜರ್ ಎಂಬ ಉಚಿತ ಸಲಕರಣೆಯಿಂದ ಎಣಿಸಬಹುದು. ವೆಬ್‌ಸೈಟು ಮಾಡಿಕೊಟ್ಟವರಿಗೆ ಇಷ್ಟನ್ನೇ ಸ್ಪಷ್ಟವಾಗಿ ಹೇಳಿ ಮಾಡಿಸಿಕೊಳ್ಳಿ. ಇದು ಆಗದ ಹೊರತು ಉಳಿದ ಯಾವ ಸಂಖ್ಯೆಗೂ ಅರ್ಥವಿಲ್ಲ.

ಮನೆಯವರನ್ನು ಲೆಕ್ಕದಿಂದ ತೆಗೆಯಿರಿ

ಹೊಸ ವೆಬ್‌ಸೈಟು ತೆರೆದ ಮೊದಲ ವಾರ ಬರುವವರು ಯಾರು? ನಾವು, ನಮ್ಮ ಶ್ರೀಮತಿಯವರು, ಮಕ್ಕಳು, ಮೈಸೂರಿನ ಭಾವಮೈದುನ, ಹುಬ್ಬಳ್ಳಿಯ ಚಿಕ್ಕಪ್ಪ, ಅವರ ವಾಟ್ಸಾಪ್ ಗುಂಪಿನ ಅರವತ್ತು ಮಂದಿ. ಎಲ್ಲರೂ ಅಭಿಮಾನದಿಂದ ಒಂದೊಂದು ಪುಟವನ್ನೂ ನೋಡುತ್ತಾರೆ. ವೆಬ್‌ಸೈಟು ಬೆಂಗಳೂರಿನಲ್ಲಿ ತಯಾರಾಗಿದ್ದರೆ ಅಲ್ಲಿನ ಹುಡುಗರು ದಿನಕ್ಕೆ ಹತ್ತು ಸಲ ತೆರೆದು ಪರೀಕ್ಷಿಸುತ್ತಿರುತ್ತಾರೆ. ಇವೆಲ್ಲವೂ ಭೇಟಿಗಳೆಂದೇ ದಾಖಲಾಗುತ್ತವೆ. ಲೆಸ್ಟರಿನಲ್ಲಿ ಅಡಿಗೆ ಒದಗಿಸುವವರಿಗೆ ಹುಬ್ಬಳ್ಳಿಯ ಭೇಟಿಯಿಂದ ಆಶೀರ್ವಾದ ದೊರೆಯಬಹುದೇ ಹೊರತು ಆರ್ಡರ್ ದೊರೆಯುವುದಿಲ್ಲ.

ಇದಕ್ಕೆ ಪರಿಹಾರವುಂಟು. ನಮ್ಮ ಕಚೇರಿಯ ಐ.ಪಿ. ವಿಳಾಸವನ್ನು ಒಳಗಿನವರದು ಎಂದು ನಮೂದಿಸಿ ಸೋಸು ಹಾಕಬಹುದು. ಗೂಗಲ್ಲಿನಲ್ಲಿ ಈ ಸೋಸು ಮೊದಲಿಗೆ ಪರೀಕ್ಷೆಯ ಸ್ಥಿತಿಯಲ್ಲೇ ಇರುತ್ತದೆ. ಅದನ್ನು ಜಾರಿಯ ಸ್ಥಿತಿಗೆ ತರಬೇಕೆಂಬುದನ್ನು ಮರೆಯಬಾರದು. ವರದಿಯನ್ನು ದೇಶ, ಊರುಗಳ ಪ್ರಕಾರ ವಿಂಗಡಿಸಿ, ನಾವು ಸೇವೆ ಕೊಡಬಲ್ಲ ಪ್ರದೇಶದವರನ್ನಷ್ಟೇ ನೋಡಬೇಕು. ಅದೇ ಸಂದರ್ಭದಲ್ಲಿ ದತ್ತಾಂಶ ಇಟ್ಟುಕೊಳ್ಳುವ ಅವಧಿಯನ್ನೂ ನೋಡಿಬಿಡಿ. ವಿವರವಾದ ಲೆಕ್ಕ ತಾನಾಗಿಯೇ ಎರಡು ತಿಂಗಳಿಗೆ ಅಳಿಸಿಹೋಗುವಂತಿರುತ್ತದೆ. ಅದನ್ನು ಹದಿನಾಲ್ಕು ತಿಂಗಳಿಗೆ ಬದಲಿಸಬಹುದು. ಈ ಜನವರಿಯನ್ನು ಹೋದ ಜನವರಿಯೊಡನೆ ಹೋಲಿಸಬೇಕಾದವರಿಗೆ ಇದು ಅಗತ್ಯ.

ಯಾವ ದಾರಿಯಿಂದ ಬಂದರು?

ಜಾಹೀರಾತಿನ ಫಲವನ್ನು ಗುರುತು ಹಾಕಿ ಅಳೆಯುವುದು ಇಂಟರ್‌ನೆಟ್ಟಿನ ಆವಿಷ್ಕಾರವಲ್ಲ. ಅಮೆರಿಕದ ಜಾಹೀರಾತುಗಾರ ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ಬರೆದ ತನ್ನ ಪುಸ್ತಕದಲ್ಲಿ ಅಂಚೆ ಮೂಲಕ ಮಾರುವವರ ಪದ್ಧತಿಯನ್ನು ಮಾದರಿಯಾಗಿ ಎತ್ತಿ ಹಿಡಿದಿದ್ದಾನೆ. ಅವರು ಒಂದೊಂದು ಪತ್ರಿಕೆಯಲ್ಲಿ ಅಚ್ಚಾಗುವ ಕೂಪನ್ನಿಗೂ ಬೇರೆ ಬೇರೆ ಗುರುತು ಹಾಕುತ್ತಿದ್ದರು. ಕತ್ತರಿಸಿ ಕಳಿಸಿದ ಕೂಪನ್ನಿನ ಗುರುತು ನೋಡಿದರೆ ಯಾವ ಪತ್ರಿಕೆಯ ಹಣ ಸಾರ್ಥಕವಾಯಿತೆಂದು ತಿಳಿಯುತ್ತಿತ್ತು.

ಇಂದು ಕೂಪನ್ನಿನ ಬದಲಿಗೆ ಯು.ಟಿ.ಎಂ. ಎಂಬ ಬಾಲವನ್ನು ವೆಬ್ ವಿಳಾಸದ ಕೊನೆಗೆ ಕಟ್ಟುತ್ತಾರೆ. ಆ ಮೂರು ಅಕ್ಷರಗಳಲ್ಲಿ ಮೊದಲನೆಯದು ಮೇಲೆ ಹೇಳಿದ ಅರ್ಚಿನ್ ಕಂಪನಿಯ ನೆನಪು. ಎಲ್ಲಿಂದ ಬಂತು, ಯಾವ ಸಾಧನದ ಮೂಲಕ, ಯಾವ ಪ್ರಚಾರದ ಅಂಗವಾಗಿ ಎಂಬ ಮೂರು ಸಂಗತಿಗಳನ್ನು ಆ ಬಾಲದಲ್ಲಿ ಬರೆಯಬಹುದು. ಸಂಘದ ಸ್ಮರಣ ಸಂಚಿಕೆಗೆ ಕೊಡುವ ಜಾಹೀರಾತಿನ ಕ್ಯು.ಆರ್. ಚೌಕದಲ್ಲಿ ಒಂದು ಬಾಲ, ಯುಗಾದಿ ಸಮಾರಂಭದಲ್ಲಿ ಹಂಚುವ ಕರಪತ್ರಕ್ಕೆ ಇನ್ನೊಂದು, ವಾಟ್ಸಾಪ್‌ಗೆ ಮತ್ತೊಂದು. ಈ ಕೊನೆಯದು ನಮ್ಮವರಿಗೆ ಬಹು ಮುಖ್ಯ. ಏಕೆಂದರೆ ನಮ್ಮಲ್ಲಿ ಸುದ್ದಿ ಹರಿಯುವುದೇ ವಾಟ್ಸಾಪಿನಲ್ಲಿ. ಅಲ್ಲಿಂದ ಒತ್ತಿ ಬಂದವರು ಎಲ್ಲಿಂದ ಬಂದರೆಂಬುದು ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಅವರೆಲ್ಲ ಡೈರೆಕ್ಟ್ ಎಂಬ ಗುಂಪಿಗೆ ಬೀಳುತ್ತಾರೆ. ವರದಿಯಲ್ಲಿ ಡೈರೆಕ್ಟ್ ಎಂದಿರುವುದಕ್ಕೆ ಬಹುಮಟ್ಟಿಗೆ "ಗೊತ್ತಿಲ್ಲ" ಎಂದೇ ಅರ್ಥ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಸಂಖ್ಯೆಗಳು ತಿಳಿವಳಿಕೆಗಾಗಿ ನಾವು ಇಟ್ಟುಕೊಂಡವು. ಯಾರ ಅಂಗಡಿಯದೂ ಅಲ್ಲ. ಒಂದು ಲೆಕ್ಕಪತ್ರದ ಕಚೇರಿಯ ವೆಬ್‌ಸೈಟಿಗೆ ಒಂದು ತಿಂಗಳಲ್ಲಿ 1,000 ಭೇಟಿಗಳು. ಇದರಲ್ಲಿ 600 ಗೂಗಲ್ ಜಾಹೀರಾತಿನಿಂದ, 250 ಸಹಜ ಹುಡುಕಾಟದಿಂದ, 100 ವಾಟ್ಸಾಪಿನಿಂದ, 50 ಸ್ಮರಣ ಸಂಚಿಕೆಯ ಚೌಕದಿಂದ. ಭೇಟಿಗಳನ್ನೇ ನೋಡಿದರೆ ಜಾಹೀರಾತೇ ಗೆದ್ದಿತು. ಈಗ ವಿಚಾರಣೆಗಳನ್ನು ನೋಡಿ: ಜಾಹೀರಾತಿನಿಂದ 3, ಹುಡುಕಾಟದಿಂದ 5, ವಾಟ್ಸಾಪಿನಿಂದ 2, ಸಂಚಿಕೆಯಿಂದ 4. ಕೊನೆಗೆ ಕಕ್ಷಿದಾರರಾದವರು ಕ್ರಮವಾಗಿ 1, 2, 1, 2. ಜಾಹೀರಾತಿಗೆ 300 ಪೌಂಡು, ಸಂಚಿಕೆಗೆ 40 ಪೌಂಡು ಕೊಟ್ಟಿದ್ದರೆ, ಜಾಹೀರಾತಿನ ಒಂದು ವಿಚಾರಣೆಗೆ 100 ಪೌಂಡು, ಸಂಚಿಕೆಯ ಒಂದಕ್ಕೆ 10 ಪೌಂಡು ಬಿತ್ತು. ಒಬ್ಬ ಕಕ್ಷಿದಾರರನ್ನು ಪಡೆಯಲು ಆದ ಖರ್ಚು ಒಂದರಲ್ಲಿ 300, ಇನ್ನೊಂದರಲ್ಲಿ 20.

ಹಾಗೆಂದು ನಾಳೆಯೇ ಜಾಹೀರಾತು ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ 400 ಪೌಂಡು ಕೊಟ್ಟು ಐದು ವರ್ಷ ಉಳಿಯುವ ಕಕ್ಷಿದಾರರಾದರೆ 300 ಪೌಂಡಿನ ಖರ್ಚು ನಷ್ಟವೇನಲ್ಲ. ಮೇಲಾಗಿ, ಜಾಹೀರಾತಿನಲ್ಲಿ ಮೊದಲು ಹೆಸರು ನೋಡಿದವರು ವಾರದ ನಂತರ ಹೆಸರನ್ನೇ ಹುಡುಕಿಕೊಂಡು ಬಂದಿರಬಹುದು. ಆಗ ಯಶಸ್ಸು ಹುಡುಕಾಟದ ಖಾತೆಗೆ ಜಮೆಯಾಗುತ್ತದೆ. ಒಂದೇ ತಿಂಗಳ ನಾಲ್ಕು ವಿಚಾರಣೆಗಳನ್ನು ನಂಬಿ ಸಿದ್ಧಾಂತ ಕಟ್ಟಲೂ ಆಗದು. ಮೂರು ನಾಲ್ಕು ತಿಂಗಳು ಇದೇ ಮಾದರಿ ಕಂಡರೆ ಮಾತ್ರ ಹಣವನ್ನು ಅತ್ತಿಂದಿತ್ತ ಬದಲಿಸಬೇಕು. ಆದರೆ ಈ ನಾಲ್ಕು ಸಾಲಿನ ಲೆಕ್ಕವಿಲ್ಲದೆ ಹಣ ಕಟ್ಟುತ್ತಾ ಹೋಗುವುದು ಕತ್ತಲಲ್ಲಿ ಕಲ್ಲು ಎಸೆದಂತೆ.

ಎಲ್ಲಿಂದ ಹಿಂದಿರುಗಿದರು?

ಬಂದವರು ಯಾವ ಪುಟದಲ್ಲಿ ಇಳಿದರು, ಯಾವ ಪುಟದಿಂದ ಹೊರಟು ಹೋದರು ಎಂಬುದನ್ನೂ ವರದಿ ತಿಳಿಸುತ್ತದೆ. ಬೆಲೆಯ ಪುಟವನ್ನು ನೋಡಿ ಹಿಂದಿರುಗಿದವರು ಒಂದು ಕಥೆ ಹೇಳುತ್ತಾರೆ. ಫಾರಂ ತೆರೆದು ಅರ್ಧಕ್ಕೆ ಬಿಟ್ಟವರು ಇನ್ನೊಂದು ಹೇಳುತ್ತಾರೆ. ಮೊಬೈಲಿನವರನ್ನೂ ಕಂಪ್ಯೂಟರಿನವರನ್ನೂ ಪ್ರತ್ಯೇಕವಾಗಿ ನೋಡಬೇಕು. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವ ಫಾರಂ ಮೊಬೈಲಿನಲ್ಲಿ ಬೆರಳಿಗೇ ಸಿಕ್ಕದಂತಿದ್ದರೆ, ವಿಚಾರಣೆಗಳೆಲ್ಲ ಕಂಪ್ಯೂಟರಿನವರಿಂದಲೇ ಬರುತ್ತಿರುತ್ತವೆ. ಮದುವೆ ಅಡಿಗೆಯ ಬೆಲೆ ಕೇಳಲು ಬಂದವರಿಂದ ಹನ್ನೆರಡು ಮಾಹಿತಿ ಕೇಳುವ ಫಾರಮಿನಲ್ಲಿ ಹೆಸರು, ನಂಬರು, ತಾರೀಖು, ಊಟದ ಎಲೆಗಳ ಸಂಖ್ಯೆ, ಇಷ್ಟು ಉಳಿಸಿಕೊಂಡರೆ ಸಾಕು. ಉಳಿದದ್ದನ್ನು ಮಾತಿನಲ್ಲಿ ಕೇಳಬಹುದು.

ಇಲ್ಲಿ ನಮ್ಮ ಊಹೆ ಎಷ್ಟು ಸುಳ್ಳಾಗಬಹುದೆಂಬುದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವಿದೆ. 2007ರ ಡಿಸೆಂಬರಿನಲ್ಲಿ ಬರಾಕ್ ಒಬಾಮಾ ಅವರ ಚುನಾವಣಾ ಪ್ರಚಾರದ ವೆಬ್‌ಸೈಟಿನಲ್ಲಿ, ಬಂದವರಿಂದ ಈ-ಮೇಲ್ ವಿಳಾಸ ಪಡೆಯುವ ಮೊದಲ ಪುಟವನ್ನು ಡ್ಯಾನ್ ಸಿರೋಕರ್ ಮತ್ತು ಅವರ ತಂಡದವರು ಪರೀಕ್ಷೆಗೆ ಒಡ್ಡಿದರು. ಗುಂಡಿಯ ಮೇಲಿನ ಮಾತಿನಲ್ಲಿ ನಾಲ್ಕು ಬಗೆ; ಚಿತ್ರ ಅಥವಾ ವಿಡಿಯೋದಲ್ಲಿ ಆರು ಬಗೆ; ಒಟ್ಟು 24 ಜೋಡಿಗಳು. 3,10,382 ಭೇಟಿಗಳನ್ನು ಇವುಗಳಲ್ಲಿ ಹಂಚಿದರು. ತಂಡದವರಿಗೆ ಅತ್ಯಂತ ಪ್ರಿಯವಾಗಿದ್ದದ್ದು ಒಂದು ವಿಡಿಯೋ. ಫಲಿತಾಂಶ ಬಂದಾಗ ವಿಡಿಯೋಗಳೆಲ್ಲ ಚಿತ್ರಗಳ ಹಿಂದೆ ಉಳಿದಿದ್ದವು. ಗೆದ್ದದ್ದು ಸಂಸಾರ ಸಮೇತವಾದ ಒಂದು ಚಿತ್ರ, ಮತ್ತು "ಸೈನ್ ಅಪ್" ಎಂಬುದರ ಬದಲಿಗೆ "ಲರ್ನ್ ಮೋರ್" ಎಂಬ ಗುಂಡಿ. ವಿಳಾಸ ಕೊಟ್ಟವರ ಪ್ರಮಾಣ ನೂರಕ್ಕೆ 8.26ರಿಂದ 11.6ಕ್ಕೆ ಏರಿತು. ಸೇರಿಕೊಳ್ಳಿ ಎಂಬ ಒತ್ತಾಯಕ್ಕಿಂತ ತಿಳಿದುಕೊಳ್ಳಿ ಎಂಬ ಆಹ್ವಾನ ಜನರಿಗೆ ರುಚಿಸಿತು.

ಇದನ್ನು ಓದಿ ನಮ್ಮ ಸದಸ್ಯರು ಗುಂಡಿಯ ಬಣ್ಣ ಬದಲಿಸುತ್ತ ಕೂರಬೇಕಾಗಿಲ್ಲ. ಅಲ್ಲಿ ಒಂದೊಂದು ಜೋಡಿಗೂ ಸುಮಾರು 13,000 ಭೇಟಿಗಳಿದ್ದವು. ತಿಂಗಳಿಗೆ ನೂರಿನ್ನೂರು ಭೇಟಿ ಬರುವಲ್ಲಿ ವಿಚಾರಣೆ ನೂರಕ್ಕೆ ಮೂರಿದ್ದದ್ದು ಐದಾದರೆ ಅದು ಕೇವಲ ಆಕಸ್ಮಿಕವಾಗಿರಬಹುದು. ಸಣ್ಣವರಿಗೆ ಒಪ್ಪುವ ಕ್ರಮವೆಂದರೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ತಾರೀಖು ಬರೆದಿಟ್ಟು, ಕೆಲವು ತಿಂಗಳು ಕಾದು ನೋಡುವುದು. ಜೊತೆಗೆ ಪರಿಚಯದ ಇಬ್ಬರು ಮೂವರನ್ನು ಕೂರಿಸಿ, ಅವರು ಮೊಬೈಲಿನಲ್ಲಿ ಫಾರಂ ತುಂಬುವುದನ್ನು ಬಾಯಿ ಮುಚ್ಚಿಕೊಂಡು ಗಮನಿಸುವುದು.

ಅವರ ಬಾಯಿಯ ಮಾತು

ಗೂಗಲ್ಲಿನವರ ಸರ್ಚ್ ಕನ್ಸೋಲ್ ಎಂಬ ಇನ್ನೊಂದು ಉಚಿತ ಸಲಕರಣೆ, ಜನ ಯಾವ ಯಾವ ಮಾತುಗಳನ್ನು ಬರೆದು ಹುಡುಕಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂಬುದನ್ನು ತೋರಿಸುತ್ತದೆ. ಗಿರಾಕಿ ತನ್ನ ಅವಶ್ಯಕತೆಗೆ ತಾನೇ ಕೊಟ್ಟುಕೊಂಡ ಹೆಸರು ಇದು. ನಾವು ಪುಟದ ಮೇಲೆ "ಸಮಗ್ರ ಆರ್ಥಿಕ ಪರಿಹಾರಗಳು" ಎಂದು ಭವ್ಯವಾಗಿ ಬರೆದಿರುತ್ತೇವೆ. ಅವರು ಬಾಡಿಗೆ ಮನೆಯ ವರಮಾನಕ್ಕೆ ತೆರಿಗೆ ಎಷ್ಟು ಎಂದು ಹುಡುಕುತ್ತಿರುತ್ತಾರೆ.

ಲೆಕ್ಕಪತ್ರದವರ ಉದಾಹರಣೆಯನ್ನೇ ಮುಂದುವರಿಸೋಣ. ಈ ದೇಶದಲ್ಲಿ ಸ್ವಂತ ದುಡಿಮೆ ಹಾಗೂ ಬಾಡಿಗೆಯಿಂದ 50,000 ಪೌಂಡಿಗಿಂತ ಹೆಚ್ಚು ಆದಾಯವಿರುವವರು ಮೂರು ತಿಂಗಳಿಗೊಮ್ಮೆ ಕಂಪ್ಯೂಟರಿನ ಮೂಲಕವೇ ಲೆಕ್ಕ ಒಪ್ಪಿಸಬೇಕೆಂಬ ನಿಯಮಕ್ಕೆ 2026ರ ಏಪ್ರಿಲ್ 6 ಆರಂಭದ ದಿನವೆಂದೂ, 30,000 ಪೌಂಡಿನವರಿಗೆ 2027ರ ಏಪ್ರಿಲ್ ಎಂದೂ ಗೊತ್ತುಮಾಡಲಾಗಿದೆ. ಇಂಥ ಬದಲಾವಣೆ ಬಂದಾಗ ಜನ ಕಳವಳದಿಂದ ಹುಡುಕುತ್ತಾರೆ. ಕನ್ಸೋಲಿನಲ್ಲಿ ಆ ಮಾತುಗಳು ಕಾಣಿಸತೊಡಗಿದರೆ, ಅದಕ್ಕೆ ನೇರವಾಗಿ, ಸರಳವಾಗಿ ಉತ್ತರ ಕೊಡುವ ಒಂದು ಪುಟ ಬರೆದು, ಕೆಳಗೆ ಟೆಲಿಫೋನ್ ನಂಬರು ಹಾಕಬೇಕು. ಹೀಗೆ ಬಂದವರು ಕುತೂಹಲಕ್ಕೆ ಬಂದವರಲ್ಲ. ಕೆಲಸ ಇದ್ದು ಬಂದವರು.

ಉತ್ತರ ಕೊಡುವವರು ಯಾರು?

ಇಷ್ಟೆಲ್ಲ ಮಾಡಿ ವಿಚಾರಣೆ ಬಂದಿತೆನ್ನಿ. ಅದಕ್ಕೆ ಉತ್ತರ ಹೋಗುವುದು ಯಾವಾಗ? 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ 2,241 ಕಂಪನಿಗಳನ್ನು ಪರೀಕ್ಷಿಸಿದ್ದರು. ವೆಬ್‌ಸೈಟಿನಿಂದ ಬಂದ ವಿಚಾರಣೆಗೆ ಒಂದು ಗಂಟೆಯೊಳಗೆ ಉತ್ತರಿಸಿದವು ನೂರಕ್ಕೆ 37. ಉತ್ತರವನ್ನೇ ಕೊಡದವು ನೂರಕ್ಕೆ 23! ಅದೇ ಲೇಖನದಂತೆ, ಒಂದು ಗಂಟೆಯೊಳಗೆ ಸಂಪರ್ಕಿಸಿದವರಿಗೆ, ಇನ್ನೊಂದು ಗಂಟೆ ತಡಮಾಡಿದವರಿಗಿಂತ, ತೀರ್ಮಾನ ಮಾಡಬಲ್ಲ ವ್ಯಕ್ತಿಯೊಡನೆ ಉಪಯುಕ್ತವಾದ ಮಾತುಕತೆ ನಡೆಸುವ ಸಾಧ್ಯತೆ ಸುಮಾರು ಏಳು ಪಾಲು ಹೆಚ್ಚು.

ಇದರ ಅರ್ಥ ಸ್ಪಷ್ಟ. ಜಾಹೀರಾತಿಗೆ ಇನ್ನೊಂದು ನೂರು ಪೌಂಡು ಸುರಿಯುವ ಮೊದಲು, ಬಂದ ವಿಚಾರಣೆಗಳಿಗೆ ಎಷ್ಟು ಹೊತ್ತಿನಲ್ಲಿ ಉತ್ತರ ಹೋಯಿತೆಂದು ಬರೆದಿಡುವುದು ಲೇಸು. ಹಗಲು ಬೇರೆ ನೌಕರಿ ಇರುವವರು ಊಟದ ವಿರಾಮದಲ್ಲಿ ಒಮ್ಮೆ, ಸಾಯಂಕಾಲ ಒಮ್ಮೆ ನೋಡುವ ಪದ್ಧತಿ ಇಟ್ಟುಕೊಳ್ಳಬಹುದು. ಮನೆಯಲ್ಲಿ ಒಬ್ಬರಿಗೆ ಈ ಹೊಣೆ ವಹಿಸಬಹುದು. ಟೆಲಿಫೋನಿನಲ್ಲಿ ಮಾತಾಡುವಾಗ, "ನಮ್ಮ ವಿಚಾರ ನಿಮಗೆ ಹೇಗೆ ತಿಳಿಯಿತು?" ಎಂದು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಯಾವ ಅನಾಲಿಟಿಕ್ಸೂ ಹೇಳಲಾರದ, "ನಮ್ಮ ಪಕ್ಕದ ಮನೆಯವರು ಹೇಳಿದರು" ಎಂಬ ಸಂಗತಿ ಅದರಲ್ಲಿ ಸಿಗುತ್ತದೆ.

ಹೆಸರು ಹೇಳದೆ ಬಂದವರು

ಇನ್ನು ಒಂದು ಎಚ್ಚರಿಕೆಯ ಮಾತು. ಫಾರಂ ತುಂಬದೆ ಹೋದವರೂ ಯಾರೆಂದು ನಾವು ಕಂಡುಹಿಡಿದು ಕೊಡುತ್ತೇವೆ ಎಂದು ಹೇಳಿಕೊಂಡು ಸೇವೆ ಮಾರುವವರಿದ್ದಾರೆ. ಇವರಲ್ಲಿ ಅನೇಕರು ಮಾಡುವುದು ಐ.ಪಿ. ವಿಳಾಸ ನೋಡಿ ಅದು ಯಾವ ಕಂಪನಿಯ ಜಾಲಕ್ಕೆ ಸೇರಿದ್ದೆಂದು ಪತ್ತೆಮಾಡುವುದು. ಕಂಪನಿಗಳಿಗೇ ಸರಕು ಮಾರುವವರಿಗೆ ಇದರಿಂದ ಕೆಲಮಟ್ಟಿನ ಉಪಯೋಗವುಂಟು. ಆದರೆ ಮನೆಯಿಂದ ನೋಡಿದವರ ವಿಳಾಸ ಇಂಟರ್‌ನೆಟ್ ಒದಗಿಸುವ ಕಂಪನಿಯ ಹೆಸರನ್ನಷ್ಟೇ ತೋರಿಸುತ್ತದೆ; ಮೊಬೈಲಿನವರದೂ ಹಾಗೆಯೇ. ಸೀರೆ ಮಾರುವವರಿಗೆ ಇದರಿಂದ ಚಿಕ್ಕಾಸಿನ ಲಾಭವಿಲ್ಲ.

ಕಾನೂನಿನ ಮಾತೂ ಇದೆ. ಈ ದೇಶದಲ್ಲಿ 2003ರ ಎಲೆಕ್ಟ್ರಾನಿಕ್ ಸಂಪರ್ಕ ನಿಯಮಗಳ ಪ್ರಕಾರ, ಅಗತ್ಯಕ್ಕೆ ಮೀರಿದ ಕುಕಿಗಳನ್ನು ಬಂದವರ ಯಂತ್ರದಲ್ಲಿ ಇಡುವ ಮೊದಲು ಅವರ ಒಪ್ಪಿಗೆ ಪಡೆಯಬೇಕೆಂಬುದು ಬಹುಕಾಲದ ಕಟ್ಟಳೆ. 2018ರ ಮೇ 25ರಿಂದ ಜಾರಿಗೆ ಬಂದ ಯೂರೋಪಿನ ದತ್ತಾಂಶ ಕಾನೂನು ಒಪ್ಪಿಗೆಯ ಅರ್ಥವನ್ನು ಇನ್ನಷ್ಟು ಬಿಗಿಮಾಡಿತು. 2025ರ ಜೂನ್ 19ರಂದು ಅರಸರ ಅಂಕಿತ ಪಡೆದ ಹೊಸ ಕಾಯಿದೆ, ಕೇವಲ ಅಂಕಿಸಂಖ್ಯೆಗಾಗಿ ಇಡುವ ಕುಕಿಗಳಿಗೆ ಷರತ್ತುಗಳೊಂದಿಗೆ ಸಡಿಲಿಕೆ ಕೊಟ್ಟಿದೆ. ಆದರೆ ಬಂದವರಿಗೆ ಸ್ಪಷ್ಟವಾಗಿ ತಿಳಿಸಬೇಕು, ಬೇಡವೆನ್ನುವ ಅವಕಾಶ ಕೊಡಬೇಕು. ಅದೇ ಕಾಯಿದೆ ತಪ್ಪು ಮಾಡಿದವರಿಗೆ ಹಾಕಬಹುದಾದ ದಂಡದ ಮಿತಿಯನ್ನು ಬಹಳ ಮೇಲಕ್ಕೆ ಏರಿಸಿದೆ. ಏನನ್ನಾದರೂ ಬದಲಿಸುವ ಮೊದಲು ಮಾಹಿತಿ ಆಯುಕ್ತರ ಕಚೇರಿಯವರ ಸೂಚನೆಗಳನ್ನು ಓದಿಕೊಳ್ಳಬೇಕು. ಹೆಸರು, ಈ-ಮೇಲ್ ವಿಳಾಸಗಳನ್ನು ಅನಾಲಿಟಿಕ್ಸಿಗೆ ಕಳಿಸುವುದನ್ನು ಗೂಗಲ್ಲಿನ ಕರಾರೇ ನಿಷೇಧಿಸುತ್ತದೆ. ಫಾರಂ ಕಳಿಸಿದ ನಂತರದ ಪುಟದ ವಿಳಾಸದಲ್ಲಿ ಗಿರಾಕಿಯ ಈ-ಮೇಲ್ ಸೇರಿಕೊಂಡಿಲ್ಲವೆಂಬುದನ್ನು ನೋಡಿಕೊಳ್ಳಿ.

ಒಪ್ಪಿಗೆ ಕೇಳಿದರೆ ಹಲವರು ಬೇಡವೆನ್ನುತ್ತಾರೆ. ಅವರು ಲೆಕ್ಕಕ್ಕೆ ಸಿಗುವುದಿಲ್ಲ. ಸಫಾರಿ, ಫೈರ್‌ಫಾಕ್ಸ್ ಮುಂತಾದ ಬ್ರೌಸರುಗಳೂ 2019ರಿಂದೀಚೆಗೆ ಈ ಬಗೆಯ ಎಣಿಕೆಗೆ ಅಡ್ಡಗಟ್ಟುತ್ತಾ ಬಂದಿವೆ. ಹೀಗಾಗಿ ವರದಿಯ ಸಂಖ್ಯೆ ಯಾವಾಗಲೂ ನಿಜಕ್ಕಿಂತ ಸ್ವಲ್ಪ ಕಡಿಮೆಯೇ. ಅದರಿಂದ ತಿಳಿಯಬೇಕಾದದ್ದು ಏರಿಳಿತವನ್ನು, ಹೋಲಿಕೆಯನ್ನು. ಪೈಸೆ ಪೈಸೆಯ ಲೆಕ್ಕವನ್ನಲ್ಲ. ಸರಿಯಾದ ಲೆಕ್ಕ ನಮ್ಮ ಈ-ಮೇಲ್ ಪೆಟ್ಟಿಗೆಯಲ್ಲೂ ನೋಟುಬುಕ್ಕಿನಲ್ಲೂ ಇದ್ದೇ ಇರುತ್ತದೆ.

ಕಾನೂನಿಗಿಂತ ದೊಡ್ಡ ಮಾತೊಂದುಂಟು. ನಮ್ಮವರ ವ್ಯವಹಾರ ನಿಂತಿರುವುದು ನಂಬಿಕೆಯ ಮೇಲೆ. ಬೆಲೆಯ ಪುಟ ನೋಡಿ ಸುಮ್ಮನೆ ಹೋದ ಮನೆಯವರಿಗೆ ಮರುದಿನ ಫೋನು ಮಾಡಿ, "ನಿನ್ನೆ ನೀವು ನಮ್ಮ ವೆಬ್‌ಸೈಟು ನೋಡಿದಿರಂತೆ" ಎಂದರೆ ಅವರಿಗೆ ಹೇಗಾದೀತು? ಗಲ್ಲಾದ ಮೇಲಿನ ಯಜಮಾನರು ಅಂಗಡಿಯೊಳಗೆ ಗಮನಿಸುತ್ತಾರೆ. ಗಿರಾಕಿಯ ಹಿಂದೆ ಬೀದಿಗೆ ಇಳಿದು ಮನೆಯವರೆಗೆ ಹೋಗುವುದಿಲ್ಲ. ಆ ಗೆರೆಯನ್ನು ನಾವೂ ದಾಟಬಾರದು. ಸಂಘದ ಸದಸ್ಯರ ಪಟ್ಟಿಯನ್ನು ತೆಗೆದುಕೊಂಡು ವ್ಯಾಪಾರದ ಪತ್ರ ಕಳಿಸುವುದಕ್ಕೂ ಈ ಮಾತೇ ಅನ್ವಯ.

ತಿಂಗಳಿಗೆ ಅರ್ಧ ಗಂಟೆ

ಕೊನೆಯದಾಗಿ, ಬಿಡುವಿಲ್ಲದವರಿಗಾಗಿ ಒಂದು ಕ್ರಮವನ್ನು ಸೂಚಿಸುತ್ತೇವೆ. ತಿಂಗಳ ಮೊದಲ ಭಾನುವಾರ, ಬೆಳಗಿನ ಕಾಫಿಯ ನಂತರ, ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಹೋದ ತಿಂಗಳು ವಿಚಾರಣೆಗಳು ಎಷ್ಟು? ಅವು ಯಾವ ಯಾವ ದಾರಿಯಿಂದ ಬಂದವು? ಒಂದೊಂದು ದಾರಿಗೂ ಖರ್ಚೆಷ್ಟು? ಎಷ್ಟು ಹೊತ್ತಿನಲ್ಲಿ ಉತ್ತರಿಸಿದೆವು? ಗಿರಾಕಿಗಳಾದವರೆಷ್ಟು? ಇದರ ಕೆಳಗೆ, ಈ ತಿಂಗಳು ಬದಲಿಸುವ ಒಂದೇ ಒಂದು ಸಂಗತಿಯನ್ನು ಬರೆಯಿರಿ. ಒಟ್ಟು ಭೇಟಿಗಳ ಸಂಖ್ಯೆಯನ್ನು ಬೇಕೆಂದರೆ ಎಲ್ಲಕ್ಕಿಂತ ಕೊನೆಗೆ ನೋಡಿ, ನೋಡದಿದ್ದರೂ ನಷ್ಟವಿಲ್ಲ.

ಒಂದು ವರ್ಷ ಹೀಗೆ ಬರೆದಿಟ್ಟವರ ಬಳಿ ಹನ್ನೆರಡು ಹಾಳೆಗಳಿರುತ್ತವೆ. ಜಾಹೀರಾತು ಮಾರಲು ಬಂದವರು ಯಾರೇ ಇರಲಿ, ಅವರ ಮುಂದೆ ಆ ಹಾಳೆಗಳನ್ನಿಟ್ಟು ಮಾತಾಡುವ ಧೈರ್ಯ ಬರುತ್ತದೆ. ಕಷ್ಟಪಟ್ಟು ಗಳಿಸಿದ ಹಣ ಎಲ್ಲಿಗೆ ಹೋಗುತ್ತಿದೆ ಎಂಬುದು ಯಜಮಾನರಿಗೆ ತಿಳಿದಿರಬೇಡವೇ?

ವೆಬ್‌ಸೈಟು ಇಟ್ಟುಕೊಂಡಿರುವ ಸದಸ್ಯರು ತಮ್ಮ ತಮ್ಮ ಅನುಭವಗಳನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಬರೆಯುವಾಗ ಎಷ್ಟು ಮಂದಿ ಬಂದರು ಎಂಬುದನ್ನು ಬಿಟ್ಟು, ಎಷ್ಟು ಮಂದಿ ಕೇಳಿದರು ಎಂಬುದನ್ನೇ ತಿಳಿಸಬೇಕೆಂದು ನಮ್ಮ ವಿನಂತಿ.